ಹೊರಗೆ ಕಪ್ಪು, ಒಳಗೆ ಹಸಿ: ಇದ್ದಿಲ ಬಾರ್ಬೆಕ್ಯೂನಲ್ಲಿ ಮಾಂಸ ಸರಿಯಾಗಿ ಬೇಯಿಸೋದು ಹೇಗೆ

ಬಾರ್ಬೆಕ್ಯೂ ಮಾಡೋವಾಗ ನಾವೆಲ್ಲ ಮೋಸ ಹೋಗೋದು ಬಣ್ಣ ನೋಡಿ. ಚಿಕನ್ ಲೆಗ್ ಪೀಸ್ ಮೇಲೆ ಕಪ್ಪಗೆ ಗೆರೆ ಬಿದ್ದಿರತ್ತೆ, ಎಣ್ಣೆ ಮಿಂಚ್ತಾ ಇರತ್ತೆ, ಘಮ್ ಅಂತ ವಾಸನೆ ಬರ್ತಿರತ್ತೆ, ಸರಿ ಬೆಂದಾಯ್ತು ಅಂತ ತಟ್ಟೆಗೆ ಹಾಕಿಬಿಡ್ತೀವಿ. ನಾನೂ ಒಂದ್ಸಲ ಮನೆಗೆ ಬಂದಿದ್ದ ಹತ್ತು ಜನಕ್ಕೆ ಹಾಗೇ ಹಾಕಿದ್ದೆ, ಅಕ್ಕನ ಮಗಳು ಒಂದು ಕಚ್ಚಿ ನಿಲ್ಲಿಸಿ "ಮಾಮ, ಇದು ಒಳಗಡೆ ತಣ್ಣಗಿದೆ" ಅಂದ್ಲು. ಇಸ್ಕೊಂಡು ಬಿಡಿಸಿ ನೋಡಿದೆ, ಮೇಲಿನ ಅರ್ಧ ಬೆರಳಷ್ಟು ಮಾಂಸ ಬೆಳ್ಳಗೆ ಎಳೆಎಳೆಯಾಗಿ ಬೆಂದಿತ್ತು, ಅದರ ಕೆಳಗೆ ಮೂಳೆ ಸುತ್ತ ಗುಲಾಬಿ ಬಣ್ಣದಲ್ಲಿ ಹೊಳೀತಾ ಲೋಳೆಲೋಳೆಯಾಗಿ ಹಸಿ ಮಾಂಸ. ಪೂರ್ತಿ ಐಸ್ ಬಿಡೋ ಮುಂಚೆನೇ ಕೆಂಡದ ಮೇಲೆ ಇಟ್ಟಿದ್ದೆ, ಅದೂ ಉರಿ ಜೋರಾಗಿರೋವಾಗ. ಎಲ್ಲರ ತಟ್ಟೆಯಿಂದಲೂ ವಾಪಸ್ ತಗೊಂಡೆ. ಆವತ್ತಿಂದ ಥರ್ಮಾಮೀಟರ್ ಇಲ್ಲದೆ ನಾನು ಕೋಳಿ ಸುಟ್ಟಿಲ್ಲ, ಈ ಬರಹದಲ್ಲಿ ಬೇರೆ ಏನನ್ನ ಮರೆತ್ರೂ ಪರವಾಗಿಲ್ಲ, ಅದೊಂದು ವಸ್ತು ಮಾತ್ರ ದಯವಿಟ್ಟು ತಗೊಳ್ಳಿ.

ಯಾಕೆ ಹೀಗಾಗತ್ತೆ ಅಂದ್ರೆ, ಕೆಂಡದ ಮೇಲಿನ ಜಾಲರಿ 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರತ್ತೆ, ಆದ್ರೆ ಮಾಂಸದೊಳಗೆ ಶಾಖ ತುಂಬಾ ನಿಧಾನವಾಗಿ ಇಳಿಯತ್ತೆ. ಮೇಲ್ಮೈ ಕಪ್ಪಾಗೋದಕ್ಕೆ ನಾಲ್ಕೈದು ನಿಮಿಷ ಸಾಕು, ಮೂಳೆ ಹತ್ರ ಬೇಯೋದಕ್ಕೆ ಮುಕ್ಕಾಲು ಗಂಟೆ ಹತ್ರ ಬೇಕು. ಒಲೆ ಮೇಲೆ ಸಾರು ಮಾಡಿದ್ರೆ ಪಾತ್ರೆ ತುಂಬ ಒಂದೇ ಬಿಸಿ ಇರತ್ತೆ, ಇಲ್ಲಿ ಹಾಗಲ್ಲ, ಕೆಳಗಿಂದ ಮಾತ್ರ ಶಾಖ, ಅದೂ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ. ಹಸಿ ಕೋಳೀಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರೋದು ಮಾಮೂಲಿ, ಬೇಯಿಸಿದ್ರೆ ಸಾಯ್ತವೆ, ಅರ್ಧ ಬೇಯಿಸಿದ್ರೆ ಸಾಯಲ್ಲ, ವಾಂತಿ ಭೇದಿ ಜ್ವರ ತರ್ತವೆ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಮೊದಲೇ ಕಾಯಿಲೆಯಿಂದ ಸೊರಗಿರೋರು ಇದ್ರೆ ಅದು ಆಸ್ಪತ್ರೆ ತನಕ ಹೋಗತ್ತೆ.

ಹಿಂದಿನ ದಿನವೇ ಶುರು ಮಾಡಿ

ಫ್ರೀಜರ್‌ನಲ್ಲಿರೋ ಮಾಂಸ ಆದ್ರೆ ಹಿಂದಿನ ದಿನ ಬೆಳಿಗ್ಗೆನೋ ಮಧ್ಯಾಹ್ನನೋ ತೆಗೆದು ಫ್ರಿಜ್‌ನ ಕೆಳಗಿನ ಶೆಲ್ಫ್‌ಗೆ ಇಡಿ, ಕೆಳಗಡೆ ಒಂದು ಅಗಲದ ಪಾತ್ರೆ ಇರಲಿ, ಯಾಕಂದ್ರೆ ಕರಗ್ತಾ ಬರೋ ನೀರು ಕೆಳಗಿನ ಸೊಪ್ಪು ಹಣ್ಣಿನ ಮೇಲೆ ಸೋರಿದ್ರೆ ಆ ಸೊಪ್ಪನ್ನ ನೀವು ಹಸಿಯಾಗೇ ತಿನ್ನೋದು. ಇಡೀ ಕೋಳಿ ಆದ್ರೆ ಒಂದು ದಿನ ಸಾಲದು, ಎರಡು ದಿನಾನೂ ಬೇಕಾಗಬಹುದು. ಅಡುಗೆಮನೆ ಕಟ್ಟೆ ಮೇಲೆ ರಾತ್ರಿ ಪೂರ್ತಿ ಬಿಡೋ ಅಭ್ಯಾಸ ತುಂಬಾ ಮನೇಲಿದೆ, ಬಿಟ್ಟುಬಿಡಿ, ಮೇಲ್ಭಾಗ ಮೊದಲು ಕರಗಿ ಬೆಚ್ಚಗಾಗತ್ತೆ, ಒಳಗೆ ಇನ್ನೂ ಕಲ್ಲಿನ ಹಾಗೆ ಇರೋವಾಗಲೇ ಮೇಲ್ಗಡೆ ಬ್ಯಾಕ್ಟೀರಿಯಾ ಬೆಳೆಯೋಕೆ ಶುರು ಆಗಿರತ್ತೆ. 5 ರಿಂದ 60 ಡಿಗ್ರಿ ಮಧ್ಯೆ ಅವು ಜೋರಾಗಿ ಬೆಳೀತವೆ, ಅದಕ್ಕೇ ಫ್ರಿಜ್ 5 ಡಿಗ್ರಿಗಿಂತ ಕಮ್ಮಿ ಇರಬೇಕು ಅನ್ನೋದು.

ಮಸಾಲೆ ಹಚ್ಚಿ ನೆನೆಯೋಕೆ ಇಡೋದೂ ಫ್ರಿಜ್‌ನಲ್ಲೇ. ಇಲ್ಲೊಂದು ವಿಷಯ: ಅದೇ ಮಸಾಲೆಯನ್ನ ಆಮೇಲೆ ಸುಡೋವಾಗ ಮೇಲೆ ಸವರಬೇಕು ಅಂತಿದ್ರೆ, ಮಾಂಸಕ್ಕೆ ಹಾಕೋ ಮುಂಚೆನೇ ಒಂದು ಬಟ್ಟಲಿಗೆ ಬೇರೆ ತೆಗೆದಿಟ್ಕೊಳ್ಳಿ. ಹಸಿ ಮಾಂಸ ಮುಳುಗಿದ್ದ ಮಸಾಲೆಯನ್ನ ಬೆಂದ ಪೀಸ್ ಮೇಲೆ ಸವರಿದ್ರೆ ಬೇಯಿಸಿದ್ದೆಲ್ಲ ವೇಸ್ಟು, ಬ್ರಷ್‌ನಲ್ಲಿ ಬ್ಯಾಕ್ಟೀರಿಯಾ ವಾಪಸ್ ಹಚ್ಚಿದ ಹಾಗೆ. ತೆಗೆದಿಡೋಕೆ ಮರೆತ್ರೆ ಅದನ್ನ ಪಾತ್ರೇಲಿ ಹಾಕಿ ಚೆನ್ನಾಗಿ ಕುದಿಸಿ, ಆಮೇಲೆ ಬಳಸಿ. ನಿಂಬೆರಸ ಹಾಕಿದೀನಿ, ಮೊಸರು ಹಾಕಿದೀನಿ, ಅದೇ ಬ್ಯಾಕ್ಟೀರಿಯಾ ಕೊಲ್ಲತ್ತೆ ಅಂತ ಕೆಲವರು ಹೇಳ್ತಾರೆ, ಹುಳಿಯಿಂದ ಮಾಂಸ ಮೆತ್ತಗಾಗತ್ತೆ ಅಷ್ಟೇ, ಬೇಯಿಸೋ ಕೆಲಸ ಬೆಂಕಿದೇ.

ಕೋಳಿನ ನಲ್ಲಿ ಕೆಳಗೆ ತೊಳೆಯೋದು ಬೇಡ ಅಂದ್ರೆ ಯಾರೂ ಒಪ್ಪಲ್ಲ, ಗೊತ್ತು. ಆದ್ರೂ ಹೇಳ್ತೀನಿ, ತೊಳೆಯೋದ್ರಿಂದ ಬ್ಯಾಕ್ಟೀರಿಯಾ ಹೋಗಲ್ಲ, ನೀರಿನ ಹನಿ ಜೊತೆ ಸಿಂಕು, ಕಟ್ಟೆ, ಪಕ್ಕದಲ್ಲಿ ತೊಳೆದಿಟ್ಟ ಲೋಟ ಎಲ್ಲಾದಕ್ಕೂ ಹಾರತ್ತೆ. ರಕ್ತ, ಮೂಳೆ ಚೂರು ಇದ್ರೆ ಟಿಶ್ಯೂನಲ್ಲಿ ಒರೆಸಿ ಬಿಸಾಡಿ. ತೊಳೆಯಲೇಬೇಕು ಅನ್ನೋರು ಒಂದು ಪಾತ್ರೆಯೊಳಗೆ ನೀರು ಹಿಡಿದು ಮೆಲ್ಲಗೆ ತೊಳೆದು, ಆಮೇಲೆ ಸಿಂಕನ್ನ ಸೋಪ್ ಹಾಕಿ ಉಜ್ಜಿಬಿಡಿ.

ಇನ್ನು ಸಾಮಾನು ಜೋಡಿಸ್ಕೊಳ್ಳೋದು. ಎರಡು ಇಕ್ಕಳ, ಎರಡು ತಟ್ಟೆ, ಇದು ಕಡ್ಡಾಯ. ಒಂದು ಹಸಿ ಮಾಂಸಕ್ಕೆ, ಒಂದು ಬೆಂದಿದ್ದಕ್ಕೆ. ನಾನು ಹಸಿ ಇಕ್ಕಳದ ಹಿಡಿಗೆ ಕೆಂಪು ಬಟ್ಟೆ ಚೂರು ಸುತ್ತಿರ್ತೀನಿ, ಯಾಕಂದ್ರೆ ಹೊಗೆ ಕಣ್ಣಿಗೆ ಬಡೀತಿರೋವಾಗ, ನಾಲ್ಕು ಜನ ಮಾತಾಡಿಸ್ತಿರೋವಾಗ ಯಾವುದು ಯಾವ್ದು ಅಂತ ನೆನಪಿರಲ್ಲ. ಹೊರಗಡೆ ನಲ್ಲಿ ಇಲ್ಲ ಅಂದ್ರೆ ಒಂದು ಕ್ಯಾನ್ ನೀರು, ಸೋಪು, ಟವೆಲ್ ಒಲೆ ಪಕ್ಕದಲ್ಲೇ ಇಟ್ಕೊಳ್ಳಿ, ಹಸಿ ಮಾಂಸ ಮುಟ್ಟಿದ ಮೇಲೆ ಪ್ರತಿ ಸಲ 20 ಸೆಕೆಂಡ್ ಕೈ ತೊಳೆಯೋಕೆ. ನೀರು ಹತ್ರ ಇದ್ರೆ ತೊಳೀತೀವಿ, ಒಳಗೆ ಹೋಗಿ ತೊಳೀಬೇಕು ಅಂದ್ರೆ ಪ್ಯಾಂಟಿಗೆ ಒರೆಸ್ಕೋತೀವಿ.

ಬೆಂಕಿ ಹಚ್ಚೋದು

ಜಾಗ ಮೊದಲು. ಗೋಡೆ, ಮರ, ಬೇಲಿ, ಒಣ ಹುಲ್ಲು ಇವೆಲ್ಲದರಿಂದ ಮೂರು ಮೀಟರ್ ಆದ್ರೂ ದೂರ, ಅಲ್ಲಾಡದ ಸಮತಟ್ಟು ನೆಲ, ತಲೆ ಮೇಲೆ ಬಯಲು. ಮಳೆ ಬಂತು ಅಂತ ಗ್ಯಾರೇಜ್ ಒಳಗೆ, ಟೆಂಟ್ ಒಳಗೆ, ಮುಚ್ಚಿದ ವರಾಂಡಕ್ಕೆ ಎಳ್ಕೊಂಡು ಹೋಗೋದು ಮಾತ್ರ ಯಾವ ಕಾರಣಕ್ಕೂ ಬೇಡ. ಉರಿಯೋ ಇದ್ದಿಲಿಂದ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಬರತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ತಾನು ಕೂತುಬಿಡತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ ಬಂದ ಹಾಗೆ ಆಗತ್ತೆ, ಆ ನಿದ್ದೆಯಿಂದ ಎಷ್ಟೋ ಜನ ಎದ್ದಿಲ್ಲ. ಕಿಟಕಿ ತೆಗೆದಿದೀವಲ್ಲ ಅನ್ನೋದು ಸಾಲದು. ಉರಿ ಆರಿ ಬೂದಿ ಮುಚ್ಚಿದ ಕೆಂಡದಿಂದಲೂ ಗಂಟೆಗಟ್ಟಲೆ ಬರ್ತಾನೇ ಇರತ್ತೆ, ಹಾಗಾಗಿ ಚಳಿ ಅಂತ ಅಡುಗೆ ಮುಗಿದ ಒಲೆಯನ್ನ ಒಳಗೆ ತಂದು ಇಟ್ಕೊಳ್ಳೋದೂ ಅಷ್ಟೇ ಅಪಾಯ.

ಹಚ್ಚೋಕೆ ನಂಗೆ ಇಷ್ಟ ಚಿಮ್ನಿ ಸ್ಟಾರ್ಟರ್, ಎರಡೂ ಕಡೆ ತೆರೆದ ತಗಡಿನ ಕೊಳವೆ ಥರ ಇರತ್ತೆ, ಮೇಲ್ಗಡೆ ಇದ್ದಿಲು ತುಂಬಿ ಕೆಳಗೆ ಪೇಪರ್ ಮುದ್ದೆ ಮಾಡಿಟ್ಟು ಕಡ್ಡಿ ಗೀರಿದ್ರೆ ಗಾಳಿ ತಾನಾಗೇ ಕೆಳಗಿಂದ ಎಳ್ಕೊಂಡು ಉರಿ ಹತ್ತತ್ತೆ, ಯಾವ ಎಣ್ಣೇನೂ ಬೇಡ. ಲೈಟರ್ ಫ್ಲೂಯಿಡ್ ಬಳಸೋರು ಹಚ್ಚೋ ಮುಂಚೆ ಸ್ವಲ್ಪ ಹಾಕಿ, ಬಾಟಲ್ ದೂರ ಇಟ್ಟು ಆಮೇಲೆ ಹಚ್ಚಿ. ಬೆಂಕಿ ಆರೋ ಹಾಗಿದೆ ಅಂತ ಉರಿಯೋ ಕೆಂಡದ ಮೇಲೆ ಸುರಿದ್ರೆ ಜ್ವಾಲೆ ಧಾರೆ ಹಿಡ್ಕೊಂಡು ಬಾಟಲ್ ತನಕ ಬರತ್ತೆ. ಪೆಟ್ರೋಲ್ ಅಂತೂ ಬೇಡವೇ ಬೇಡ, ಅದರ ಆವಿಯೇ ಸಿಡಿಯತ್ತೆ. ಬಣ್ಣ ಬಳಿದ ಮರ, ಪಾಲಿಶ್ ಹಾಕಿದ ಹಳೇ ಪೀಠೋಪಕರಣದ ಚೂರು, ಪ್ಲೈವುಡ್ ಇವನ್ನ ಸುಡೋಕೆ ಹಾಕ್ಬೇಡಿ, ಅದರ ಹೊಗೇಲಿ ಇರೋ ವಿಷ ನೇರ ಊಟಕ್ಕೆ ಸೇರತ್ತೆ.

ಈಗ ಕಾಯೋ ಕೆಲಸ. ಜ್ವಾಲೆ ಎದ್ದ ತಕ್ಷಣ ಮಾಂಸ ಇಡೋದೇ ಅತಿ ದೊಡ್ಡ ತಪ್ಪು. ಜ್ವಾಲೆ ಇಳೀಬೇಕು, ಇದ್ದಿಲು ಒಳಗಡೆ ಕೆಂಪಗೆ ಹೊಳೀತಾ ಮೇಲೆ ತೆಳ್ಳಗೆ ಬೂದು ಬಣ್ಣದ ಪುಡಿ ಕೂತಿರ್ಬೇಕು, ಅದಕ್ಕೆ 20-30 ನಿಮಿಷ ಆಗತ್ತೆ. ಜಾಲರಿಯಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿದು ನೋಡಿ, ಎರಡು ಮೂರು ಸೆಕೆಂಡ್‌ಗೆ ಕೈ ಎಳ್ಕೊಳ್ಳಂಗಾದ್ರೆ ಜೋರು ಶಾಖ, ನಾಲ್ಕೈದು ಸೆಕೆಂಡ್ ತಡ್ಕೊಂಡ್ರೆ ಹದ.

ಆಮೇಲೆ ಕೆಂಡವನ್ನೆಲ್ಲ ಒಲೆ ತುಂಬ ಹರಡ್ಬೇಡಿ. ಒಂದು ಪಕ್ಕಕ್ಕೆ ತಳ್ಳಿ, ಇನ್ನೊಂದು ಪಕ್ಕ ಖಾಲಿ ಇರಲಿ. ಕೆಂಡದ ಮೇಲಿನದು ಜೋರು ಕಡೆ, ಖಾಲಿ ಮೇಲಿನದು ಮೆತ್ತಗಿನ ಕಡೆ. ದಪ್ಪ ಪೀಸ್ ಮೊದಲು ಮೆತ್ತಗಿನ ಕಡೆ ಇಟ್ಟು ಮುಚ್ಚಳ ಹಾಕಿ ಒಳಗೆ ಬೇಯಿಸ್ಕೊಳ್ಳಿ, ಕೊನೆಗೆ ಮೂರ್ನಾಲ್ಕು ನಿಮಿಷ ಜೋರು ಕಡೆಗೆ ತಂದು ಬಣ್ಣ ಬರಿಸಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡ್ತೀವಿ. ಈ ಒಂದು ಬದಲಾವಣೆಯಿಂದ ನನ್ನ ಒಲೇಲಿ ಹೊರಗೆ ಕಪ್ಪು ಒಳಗೆ ಹಸಿ ಅನ್ನೋ ತಾಪತ್ರಯ ಹೆಚ್ಚುಕಮ್ಮಿ ನಿಂತೇಹೋಯ್ತು.

ಸುಡೋವಾಗ

ತರಕಾರಿ ಮೊದಲು ಸುಟ್ಟುಬಿಡಿ, ಜಾಲರಿಗೆ ಹಸಿ ಮಾಂಸ ತಾಗೋ ಮುಂಚೆ. ಸಸ್ಯಾಹಾರಿಗಳು ಬಂದಿದ್ರೆ ಅವರಿಗೂ ನೆಮ್ಮದಿ, ಅವರ ಪಾಲಿಗೆ ಬೇರೆ ಇಕ್ಕಳ ಇರಲಿ. ಮರದ ಕಡ್ಡಿಗೆ ಪೋಣಿಸೋದಾದ್ರೆ ಅರ್ಧ ಗಂಟೆ ನೀರಲ್ಲಿ ನೆನೆಸಿರಿ, ಇಲ್ಲಾಂದ್ರೆ ಕಡ್ಡಿಯೇ ಹೊತ್ಕೊಳ್ಳತ್ತೆ. ಪೀಸ್‌ಗಳನ್ನ ಒತ್ತೊತ್ತಾಗಿ ಪೋಣಿಸ್ಬೇಡಿ, ಒಂದಕ್ಕೊಂದು ಅಂಟಿರೋ ಕಡೆ ಬೇಯಲ್ಲ, ಸ್ವಲ್ಪ ಸಂದು ಬಿಡಿ, ಎಲ್ಲ ಒಂದೇ ಸೈಜ್ ಇರಲಿ.

ಮಾಂಸವನ್ನ ಫ್ರಿಜ್‌ನಿಂದ ಒಮ್ಮೆಗೇ ಎಲ್ಲ ತಂದು ಬಿಸಿಲಲ್ಲಿ ಇಟ್ಕೊಂಡು ಕೂರೋದು ಬೇಡ, ಒಂದು ಬ್ಯಾಚ್ ಸುಡೋಷ್ಟು ತನ್ನಿ, ಉಳಿದಿದ್ದು ಒಳಗೇ ಇರಲಿ, ಇಲ್ಲಾಂದ್ರೆ ಐಸ್ ಹಾಕಿದ ಡಬ್ಬೀಲಿ ಮುಚ್ಚಿಡಿ.

ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿದಾಗ ಚುರ್ ಅಂದು ಜ್ವಾಲೆ ಏಳತ್ತೆ. ನೋಡೋಕೆ ಚೆಂದ, ಆದ್ರೆ ಆ ಹೊಗೇಲಿ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲ ರಾಸಾಯನಿಕಗಳು ಇರ್ತವೆ, ಅವು ಮಾಂಸದ ಮೇಲೆ ಬಂದು ಕೂರ್ತವೆ. ತುಂಬಾ ಜೋರು ಶಾಖದಲ್ಲಿ ಕರಕಲಾದ ಮಾಂಸದಲ್ಲೇ ಇನ್ನೊಂದು ಬಗೆಯವು ಹುಟ್ಕೋತವೆ. ಹೆದರಿ ಬಾರ್ಬೆಕ್ಯೂನೇ ಬಿಡಿ ಅಂತ ಹೇಳ್ತಿಲ್ಲ. ಹೆಚ್ಚಿನ ಕೊಬ್ಬನ್ನ ಮೊದಲೇ ಕತ್ತರಿಸಿ ತೆಗೀರಿ, ಮಸಾಲೆ ನೆನೆಸಿ ಸುಡಿ ಅದರಿಂದಲೂ ಕಮ್ಮಿ ಆಗತ್ತೆ, ಆಗಾಗ ತಿರುವಿಹಾಕ್ತಾ ಇರಿ, ಕರಕಲಾಗಿದ್ದ ಭಾಗ ಕೆರೆದು ಬಿಸಾಡಿ ತಿನ್ನಿ. ಜ್ವಾಲೆ ಎದ್ದಾಗ ಪೀಸ್‌ಗಳನ್ನ ಮೆತ್ತಗಿನ ಕಡೆಗೆ ಜರುಗಿಸಿ ಮುಚ್ಚಳ ಹಾಕಿ, ಗಾಳಿ ಸಿಗದೆ ತಾನೇ ಇಳಿಯತ್ತೆ. ನೀರು ಚೆಲ್ಲಬೇಡಿ, ಕಾದ ಕೊಬ್ಬಿಗೆ ನೀರು ಬಿದ್ರೆ ಆವಿಯೂ ಎಣ್ಣೆಯೂ ಬೂದಿಯೂ ಒಟ್ಟಿಗೆ ಮುಖಕ್ಕೆ ಹಾರತ್ತೆ.

ಬೆಂತಾ ಇಲ್ವಾ

ಇದೇ ಮುಖ್ಯ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಕಣ್ಣಿಗೆ ಕಾಣೋದನ್ನ ನಂಬೋಕಾಗಲ್ಲ, ಎರಡೂ ಕಡೆ ಮೋಸ ಇದೆ. ಖೀಮಾದ ಪ್ಯಾಟಿ ಒಳಗೆ ಕಂದು ಬಣ್ಣ ಬಂದ ಮೇಲೂ ಸಾಕಷ್ಟು ಬಿಸಿ ಆಗಿರದೇ ಇರಬಹುದು. ಅದೇ ಎಳೇ ಕೋಳಿಯ ಮೂಳೆ ಹತ್ರ ಪೂರ್ತಿ ಬೆಂದ ಮೇಲೂ ಕೆಂಪಗೆ ಕಾಣಬಹುದು, ಮೂಳೆಯೊಳಗಿನ ಮಜ್ಜೆಯಿಂದ ಬಣ್ಣ ಇಳಿದಿರತ್ತೆ. ಹೊಗೆಯಲ್ಲಿ ಬೆಂದ ಮಾಂಸಕ್ಕಂತೂ ಅಂಚಿನಲ್ಲಿ ಗುಲಾಬಿ ಬಣ್ಣ ಬರೋದು ಸಹಜ. ಅದಕ್ಕೇ ಚುಚ್ಚಿ ನೋಡೋ ಡಿಜಿಟಲ್ ಥರ್ಮಾಮೀಟರ್ ಬೇಕು ಅನ್ನೋದು, ಜ್ವರ ನೋಡೋದಲ್ಲ, ಅಡುಗೆಗೆ ಅಂತಲೇ ಉದ್ದ ಸೂಜಿ ಇರೋದು.

ನೆನಪಿಟ್ಕೊಳ್ಳೋ ಸಂಖ್ಯೆ ಇಷ್ಟೇ. ಕೋಳಿ ಯಾವ ಭಾಗ ಆದ್ರೂ 74 ಡಿಗ್ರಿ ಸೆಲ್ಸಿಯಸ್. ಕುರಿ, ಹಂದಿ, ದನ ಯಾವುದರ ಖೀಮಾ ಆದ್ರೂ ಪ್ಯಾಟಿ, ಸಾಸೇಜ್ ಎಲ್ಲ ಸೇರಿ 71. ಇವುಗಳದ್ದೇ ಅರೆಯದ ಇಡೀ ತುಂಡು ಆದ್ರೆ 63, ಇಳಿಸಿದ ಮೇಲೆ ಮೂರು ನಿಮಿಷ ಬಿಟ್ಟು ಕತ್ತರಿಸಿ. ಮೀನು 63, ಮೀನಿನದ್ದು ಬಣ್ಣದಲ್ಲೂ ಸ್ವಲ್ಪ ಗೊತ್ತಾಗತ್ತೆ, ಗಾಜಿನ ಥರ ಇದ್ದಿದ್ದು ಬೆಳ್ಳಗಾಗಿ ಫೋರ್ಕ್ ತಾಗಿಸಿದ್ರೆ ಪದರಪದರವಾಗಿ ಬಿಟ್ಕೊಳ್ಳತ್ತೆ. ಇದ್ಯಾಕೆ ಖೀಮಾಗೆ ಇಡೀ ತುಂಡಿಗಿಂತ ಜಾಸ್ತಿ ಅಂದ್ರೆ, ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಇರೋದು ಬಹುತೇಕ ಹೊರಮೈ ಮೇಲೆ, ಬೆಂಕಿ ತಾಗಿದ ಕೂಡಲೇ ಹೋಗತ್ತೆ, ಅದನ್ನೇ ಮಷಿನ್‌ಗೆ ಹಾಕಿ ಅರೆದ್ರೆ ಹೊರಗಿದ್ದಿದ್ದೆಲ್ಲ ಒಳಗೆ ಕಲಸಿಹೋಗತ್ತೆ. ದೊಡ್ಡ ತುಂಡನ್ನ ಮೆತ್ತಗಾಗಲಿ ಅಂತ ಚುಚ್ಚಿ ಚುಚ್ಚಿ ಮಸಾಲೆ ತುಂಬಿದ್ರೂ ಅದೇ ಕತೆ, ಅದನ್ನೂ ಖೀಮಾ ಥರಾನೇ ಪೂರ್ತಿ ಬೇಯಿಸಿ.

ಚುಚ್ಚೋ ಜಾಗದಲ್ಲೂ ತಪ್ಪಾಗತ್ತೆ. ಅತಿ ದಪ್ಪ ಭಾಗದ ಮಧ್ಯಕ್ಕೆ ಸೂಜಿ ತುದಿ ಹೋಗ್ಬೇಕು, ಮೂಳೆಗೆ ತಾಗಬಾರದು, ತಾಗಿದ್ರೆ ಮಾಂಸದ ಬಿಸಿ ಬಿಟ್ಟು ಮೂಳೆ ಬಿಸಿ ತೋರಿಸತ್ತೆ. ಪ್ಯಾಟಿ ಆದ್ರೆ ಮೇಲಿಂದಲ್ಲ, ಪಕ್ಕದಿಂದ ಅಡ್ಡ ಚುಚ್ಚಿ. ನಾನು ಲೆಗ್ ಪೀಸ್‌ಗೆ ಮಾಡೋದು ಹೀಗೆ: ಇಕ್ಕಳದಲ್ಲಿ ಎತ್ತಿ ಹಿಡಿದು, ತೊಡೆ ದಪ್ಪಗಿರೋ ಕಡೆಯಿಂದ ಮೂಳೆಗೆ ಸಮಾನಾಂತರವಾಗಿ ಸೂಜಿ ತೂರಿಸಿ, ಸಂಖ್ಯೆ ಓಡೋದು ನಿಲ್ಲೋ ತನಕ ಕಾಯ್ತೀನಿ, 58, 61, 63, ನಿಂತ್ಕೊಳ್ತು. ಇನ್ನೂ ಇಲ್ಲ. ವಾಪಸ್ ಮೆತ್ತಗಿನ ಕಡೆ. ಸೂಜಿನ ಸೋಪ್ ನೀರಲ್ಲಿ ತೊಳೆದು ಒರೆಸಿ ಹತ್ತು ನಿಮಿಷ ಬಿಟ್ಟು ಮತ್ತೆ. ತೊಳೆಯೋದು ಮರೀಬಾರದು, ಅರೆಬೆಂದಿದ್ದಕ್ಕೆ ಚುಚ್ಚಿದ ಸೂಜಿನ ಬೆಂದಿದ್ದಕ್ಕೆ ಚುಚ್ಚೋ ಹಾಗಿಲ್ಲ. ಒಂದು ಪೀಸ್ 74 ಬಂತು ಅಂತ ಎಲ್ಲಾನೂ ಇಳಿಸೋದಲ್ಲ, ಜಾಲರಿ ಅಂಚಿನಲ್ಲಿ ಇದ್ದ ಅತಿ ದಪ್ಪಂದನ್ನೂ ನೋಡಿ. ಮೂಳೆ ಇರೋ ಲೆಗ್ ಪೀಸ್‌ಗೆ ಮುಚ್ಚಳ ಹಾಕಿದ ಒಲೇಲಿ ಸುಮಾರು 35-45 ನಿಮಿಷ ಹಿಡಿಯತ್ತೆ, ಆದ್ರೆ ಗಡಿಯಾರ ಅಂದಾಜಿಗೆ ಮಾತ್ರ.

ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡೋಕೆ ಲೋಟ ತುಂಬ ಐಸ್ ಹಾಕಿ ಸಂದಿಗೆ ನೀರು ತುಂಬಿ ಕಲಕಿ, ಒಂದೆರಡು ನಿಮಿಷ ಬಿಟ್ಟು ಸೂಜಿ ಮುಳುಗಿಸಿ, ತಳಕ್ಕೆ ತಾಗಬಾರದು. 0 ತೋರಿಸಿದ್ರೆ ಸರಿ. ಮೂರು ತೋರಿಸಿದ್ರೆ ಮೂರು ಡಿಗ್ರಿ ಜಾಸ್ತಿ ತೋರಿಸ್ತಿದೆ ಅಂತ, ಆಗ ಕೋಳಿಗೆ 77 ಬರೋ ತನಕ ಬಿಡಿ.

ಜನ ಜಾಸ್ತಿ, ಟೈಮ್ ಕಮ್ಮಿ ಅಂದ್ರೆ ಕೋಳಿನ ಮನೆಯೊಳಗೆ ಓವನ್‌ನಲ್ಲೋ ಪಾತ್ರೇಲೋ ಪೂರ್ತಿ ಬೇಯಿಸ್ಕೊಂಡು ಬಂದು ಕೆಂಡದ ಮೇಲೆ ಬಣ್ಣ ಬರಿಸಿದ್ರೂ ರುಚಿಗೇನೂ ಮೋಸ ಇಲ್ಲ. ಆದ್ರೆ ಬೆಳಿಗ್ಗೆ ಅರ್ಧ ಬೇಯಿಸಿಟ್ಟು ಸಂಜೆ ಮುಗಿಸ್ತೀನಿ ಅನ್ನೋದು ಬೇಡ. ಅರೆಬೆಂದ ಮಾಂಸ ಬೆಚ್ಚಗೆ ಕೂತಷ್ಟು ಹೊತ್ತೂ ಬದುಕುಳಿದ ಬ್ಯಾಕ್ಟೀರಿಯಾ ಹೆಚ್ತಾ ಹೋಗತ್ತೆ.

ಊಟ ಆದ್ಮೇಲೆ

ಬೆಂದಿದ್ದನ್ನ ಹೊಸ ತಟ್ಟೆಗೆ ಹಾಕಿ, ಹಸಿ ಮಾಂಸ ತಂದ ತಟ್ಟೆಗಲ್ಲ. ಬಡಿಸಿದ ಮೇಲೆ ಎರಡು ಗಂಟೆ ತನಕ ಹೊರಗಿದ್ರೆ ಪರವಾಗಿಲ್ಲ, 32 ಡಿಗ್ರಿಗಿಂತ ಜಾಸ್ತಿ ಸೆಕೆ ಇದ್ರೆ ಒಂದೇ ಗಂಟೆ. ಆಮೇಲೆ ಅಗಲದ ಡಬ್ಬಿಗೆ ಹಾಕಿ ಫ್ರಿಜ್‌ಗೆ. ತಣ್ಣಗಾಗ್ಲಿ ಅಂತ ರಾತ್ರಿಯೆಲ್ಲ ಬಿಟ್ಟಿದ್ದನ್ನ ಬೆಳಿಗ್ಗೆ ಬಿಸಿ ಮಾಡಿದ್ರೆ ಸರಿಹೋಗತ್ತೆ ಅನ್ಕೋಬೇಡಿ, ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋಗೋ ವಿಷ ಕುದಿಸಿದ್ರೂ ಹೋಗಲ್ಲ. ಇದು ಪಕ್ಕದಲ್ಲಿಟ್ಟ ಅನ್ನಕ್ಕೂ ಹೊಂದತ್ತೆ. ಫ್ರಿಜ್‌ನಲ್ಲಿಟ್ಟಿದ್ದು ಮೂರ್ನಾಲ್ಕು ದಿನದೊಳಗೆ ಮುಗಿಸಿ, ಮತ್ತೆ ಬಿಸಿ ಮಾಡೋವಾಗಲೂ 74.

ಜಾಲರಿ ಉಜ್ಜೋಕೆ ತಂತಿ ಬ್ರಷ್ ಬದಲು ಮರದ ಸ್ಕ್ರೇಪರ್ರೋ ಮುದ್ದೆ ಮಾಡಿದ ಫಾಯಿಲ್ಲೋ ಬಳಸಿ. ಬ್ರಷ್‌ನ ತಂತಿ ಕಿತ್ತು ಜಾಲರಿಗೆ ಅಂಟ್ಕೊಂಡು, ಮುಂದಿನ ಸಲ ಮಾಂಸದ ಜೊತೆ ಗಂಟಲಿಗೆ, ಕರುಳಿಗೆ ಚುಚ್ಚಿ ಆಪರೇಷನ್ ತನಕ ಹೋದ ಪ್ರಸಂಗಗಳು ವೈದ್ಯಕೀಯ ವರದಿಗಳಲ್ಲೇ ಇವೆ.

ಕೈ ಸುಟ್ಕೊಂಡ್ರೆ ಉಂಗುರ ಬಳೆ ತೆಗೆದು ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ ಹಿಡೀರಿ. ಟೂತ್‌ಪೇಸ್ಟ್, ಎಣ್ಣೆ, ಐಸ್ ಯಾವುದೂ ಬೇಡ. ಸುಟ್ಟ ಜಾಗ ಅಂಗೈಗಿಂತ ದೊಡ್ಡದಾಗಿದ್ರೆ, ಕೈ ಮೇಲೆ ಗುಳ್ಳೆ ಎದ್ದಿದ್ರೆ, ಮುಖಕ್ಕೆ ತಾಗಿದ್ರೆ, ಮಗು ಆಗಿದ್ರೆ ಡಾಕ್ಟ್ರ ಹತ್ರ ಹೋಗಿ.

ಕೊನೇದು ಕೆಂಡ. ಮುಚ್ಚಳ ಹಾಕಿ ಮೇಲಿನ ಕೆಳಗಿನ ಗಾಳಿಕಿಂಡಿ ಎರಡನ್ನೂ ಮುಚ್ಚಿಬಿಡಿ, ಆದ್ರೆ ಆರಿತು ಅಂತ ತಿಳ್ಕೋಬೇಡಿ. ಬೂದಿ ಅಡಿಯಲ್ಲಿ ಕೆಂಡ ಒಂದು ದಿನ ಕಳೆದ್ರೂ ಜೀವ ಹಿಡ್ಕೊಂಡಿರತ್ತೆ, ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕಿ ಬೆಂಕಿ ಹತ್ತೋದು ಹೀಗೇ. 48 ಗಂಟೆ ಬಿಡಿ, ಮಕ್ಕಳು ನಾಯಿ ಹತ್ರ ಹೋಗದ ಹಾಗೆ ನೋಡ್ಕೊಳ್ಳಿ. ಅಷ್ಟು ಕಾಯೋಕಾಗಲ್ಲ ಅಂದ್ರೆ ಮುಚ್ಚಳ ಇರೋ ತಗಡಿನ ಬಕೆಟ್‌ಗೆ ಒಂದೊಂದೇ ಚೂರು ಇಕ್ಕಳದಲ್ಲಿ ಹಾಕಿ ಮುಳುಗೋಷ್ಟು ನೀರು ಹೊಯ್ದು ಕಲಕಿ, ಸುಯ್ ಅನ್ನೋ ಸದ್ದು ಪೂರ್ತಿ ನಿಲ್ಲೋ ತನಕ. ಸದ್ದು ನಿಂತ್ಮೇಲೂ ಬಕೆಟ್ ರಾತ್ರಿ ಪೂರ್ತಿ ಬಯಲಲ್ಲೇ ಇರಲಿ, ಗೋಡೆಗೆ ಒರಗಿಸ್ಬೇಡಿ, ಬೆಳಿಗ್ಗೆ ಕೋಲು ಹಾಕಿ ತಳ ಕೆದಕಿ, ಎಲ್ಲ ತಣ್ಣಗಾಗಿದೆ ಅಂತ ಗೊತ್ತಾದ ಮೇಲೆ ಕಸಕ್ಕೆ ಹಾಕಿ.